ವರ್ಚುವಲೈಸೇಷನ್ ಹೋಸ್ಟ್‌ನಲ್ಲಿ ಹಳೆಯ ಡ್ರೈವ್‌ಗಳು: ಉಡುಪಿ ಕರಾವಳಿಯ ನೆಲೆಯಿಂದ ದೋಷಪತ್ತೆ

ವರ್ಚುವಲೈಸೇಷನ್ ಹೋಸ್ಟ್ ಎಂದರೆ ಒಂದೇ ಯಂತ್ರಾಂಶದ ಮೇಲೆ ಹಲವು ಗಣಕಗಳನ್ನು ತಂತ್ರಾಂಶದ ರೂಪದಲ್ಲಿ ನಡೆಸುವ ಕಂಪ್ಯೂಟರ್. ಹಾಗೆ ನಡೆಯುವ ಪ್ರತಿಯೊಂದು ಗಣಕವೂ ವರ್ಚುವಲ್ ಮೆಷಿನ್; ಈ ಕೆಲಸ ಮಾಡುವವರ ಮಾತಿನಲ್ಲಿ ವಿಎಂ ಅಥವಾ ಗೆಸ್ಟ್. ಫ್ಲಾಪಿ, ಐಡಿಇ ಹಾರ್ಡ್‌ಡಿಸ್ಕ್, ಸ್ಕಸಿ ಡಿಸ್ಕ್, ಟೇಪ್, ಸಿಡಿ ಮೊದಲಾದ ಹಳೆಯ ಕಾಲದ ಡ್ರೈವ್‌ಗಳನ್ನು ಇಂಥ ಹೋಸ್ಟ್‌ಗೆ ಜೋಡಿಸಿ ಅವುಗಳಲ್ಲಿರುವುದನ್ನು ವಿಎಂ ಒಳಗೆ ತೆರೆಯುವಾಗ ಎದುರಾಗುವ ದೋಷಗಳು, ಅವುಗಳ ಕಾರಣ, ಹುಡುಕುವ ಕ್ರಮ ಈ ಲೇಖನದ ವಿಷಯ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಸುತ್ತ ಈ ಕೆಲಸಕ್ಕೆ ಎರಡು ಕಾರಣಗಳಿಂದ ಹೆಚ್ಚಿನ ತೂಕವಿದೆ. ಹಳೆಯ ಡ್ರೈವ್‌ಗಳಲ್ಲಿ ಸಿಕ್ಕಿಕೊಂಡಿರುವ ಕನ್ನಡದ ಸಾಮಗ್ರಿ ಇಲ್ಲಿ ಬಹಳ. ಅವುಗಳನ್ನು ಕೆಡಿಸುವ ಹವೆಯೂ ಅಷ್ಟೇ ಕಠಿಣ.

ಏನು ಉಳಿದಿದೆ

ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರಲ್ಲಿ, ಎಂಜಿನಿಯರಿಂಗ್ ಕಾಲೇಜು 1957ರಲ್ಲಿ ಆರಂಭವಾದವು. ಉದಯವಾಣಿ ದಿನಪತ್ರಿಕೆ 1970ರಲ್ಲಿ ಅಲ್ಲಿಂದಲೇ ಹೊರಟಿತು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಇನ್ನೊಂದು ಎಂಜಿನಿಯರಿಂಗ್ ಕಾಲೇಜು ಬಂತು. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲೇ ಹುಟ್ಟಿದವು. ಎರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. 1996ರಲ್ಲಿ ಉಡುಪಿಯಲ್ಲಿ ಆರಂಭವಾದ ರೋಬೋಸಾಫ್ಟ್ ಮೊದಲ ವರ್ಷಗಳಲ್ಲಿ ಮ್ಯಾಕ್ ಗಣಕಗಳ ತಂತ್ರಾಂಶಕ್ಕೆ ಹೆಸರಾಗಿತ್ತು. ಮುದ್ರಣ, ಬ್ಯಾಂಕು, ಆಸ್ಪತ್ರೆ, ಕಾಲೇಜು, ಸಾಫ್ಟ್‌ವೇರ್ ಎಲ್ಲವೂ ಒಂದೇ ಜಿಲ್ಲೆಯೊಳಗೆ ಇಷ್ಟು ಒತ್ತಾಗಿ ಬೆಳೆದ ಸೀಮೆಯಲ್ಲಿ, ಗಣಕದ ಪ್ರತಿಯೊಂದು ತಲೆಮಾರಿನ ಡ್ರೈವೂ ಯಾವುದಾದರೂ ಕಪಾಟಿನಲ್ಲಿ ಸಿಗುವುದು ಸಹಜ.

ಆದರೆ ದೊಡ್ಡ ಸಂಸ್ಥೆಗಳ ದಾಖಲೆಗಳು ಹೇಗೋ ಹೊಸ ಸರ್ವರ್‌ಗಳಿಗೆ ದಾಟುತ್ತವೆ. ನಿಜವಾಗಿ ಕಳೆದುಹೋಗುವುದು ಸಣ್ಣ ಡಿಟಿಪಿ ಅಂಗಡಿಗಳ ಸರಕು. ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಊರಿನ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆ, ಯಕ್ಷಗಾನ ಪ್ರಸಂಗ ಪುಸ್ತಕ, ಕುಟುಂಬದ ವಂಶಾವಳಿ, ಸಹಕಾರಿ ಸಂಘದ ವಾರ್ಷಿಕ ವರದಿ ಇವೆಲ್ಲ 1990ರ ದಶಕದಿಂದ ಪೇಜ್‌ಮೇಕರ್‌ನಲ್ಲಿ ಪುಟವಾಗಿ, ಐಡಿಇ ಡಿಸ್ಕಿನಲ್ಲೋ ಫ್ಲಾಪಿಯಲ್ಲೋ ಉಳಿದವು. ಊರಿನ ಇತಿಹಾಸವನ್ನು ಬಲ್ಲ ಹಿರಿಯರು ಬರೆದ ಲೇಖನಗಳು ಇಂಥ ಸಂಚಿಕೆಗಳಲ್ಲಿ ಒಮ್ಮೆ ಮಾತ್ರ ಅಚ್ಚಾಗಿವೆ. ಪ್ರತಿ ಮುಗಿದರೆ ಉಳಿಯುವುದು ಆ ಡಿಸ್ಕೊಂದೇ. ಈ ಲೇಖನ ಮುಖ್ಯವಾಗಿ ಅಂಥ ಡಿಸ್ಕುಗಳನ್ನು ಕಣ್ಣ ಮುಂದಿಟ್ಟುಕೊಂಡಿದೆ.

ವಿಎಂ ಏಕೆ ಬೇಕು

ಡಿಸ್ಕಿನಿಂದ ಕಡತವನ್ನು ನಕಲು ಮಾಡಿಕೊಂಡರಷ್ಟೇ ಸಾಲದು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಅದರ ಕಡತ ಸರಿಯಾಗಿ ತೆರೆಯಬೇಕಾದರೆ ಆ ತಂತ್ರಾಂಶ, ಅದು ಓಡುವ ವಿಂಡೋಸ್, ಬಳಸಿದ ಕನ್ನಡ ಅಕ್ಷರ ಪೊಟ್ಟಣ ಮೂರೂ ಒಟ್ಟಿಗೆ ಇರಬೇಕು. ಆ ಕಾಲದ ಕಂಪ್ಯೂಟರನ್ನೇ ಉಳಿಸಿಕೊಳ್ಳುವುದು ಕಷ್ಟ. ಅದನ್ನು ವಿಎಂ ಆಗಿ ಉಳಿಸಿಕೊಳ್ಳುವುದು ಸುಲಭ.

ಈ ವಿದ್ಯೆ ಹೊಸದಲ್ಲ. ಐಬಿಎಂ ತನ್ನ ದೊಡ್ಡ ಗಣಕಗಳಲ್ಲಿ 1960ರ ದಶಕದಲ್ಲೇ ಇದನ್ನು ಪ್ರಯೋಗಿಸಿ, 1972ರಲ್ಲಿ ವಿಎಂ/370 ಎಂಬ ವ್ಯವಸ್ಥೆಯಾಗಿ ಹೊರತಂದಿತು. ಮೇಜಿನ ಗಣಕಗಳಿಗೆ ಅದನ್ನು ತಂದದ್ದು ವಿಎಂವೇರ್‌ನ 1999ರ ವರ್ಕ್‌ಸ್ಟೇಷನ್. 2003ರಲ್ಲಿ ಜೆನ್ ಮತ್ತು ಕ್ಯೂಎಮು, 2007ರಲ್ಲಿ ಲಿನಕ್ಸ್ ಕರ್ನಲ್‌ನೊಳಗೆ ಕೆವಿಎಂ, 2008ರಲ್ಲಿ ಮೈಕ್ರೋಸಾಫ್ಟ್‌ನ ಹೈಪರ್-ವಿ ಮತ್ತು ಕೆವಿಎಂ ಆಧಾರಿತ ಪ್ರಾಕ್ಸ್‌ಮಾಕ್ಸ್ ಬಂದವು. ಸಣ್ಣ ಕಚೇರಿಗೆ, ಕಾಲೇಜಿನ ಪ್ರಯೋಗಾಲಯಕ್ಕೆ ಉಚಿತವಾಗಿ ಸಿಗುವ ಪ್ರಾಕ್ಸ್‌ಮಾಕ್ಸ್ ಮತ್ತು ವರ್ಚುವಲ್‌ಬಾಕ್ಸ್ ಸಾಕು.

ಇಲ್ಲಿ ತಿಳಿದಿರಬೇಕಾದ ಒಂದು ಸಂಗತಿಯಿದೆ. ಕ್ಯೂಎಮು ತನ್ನ ಗೆಸ್ಟ್‌ಗೆ ತೋರಿಸುವ ರೂಢಿಯ ಮದರ್‌ಬೋರ್ಡ್ ಇಂಟೆಲ್ 1996ರಲ್ಲಿ ಹೊರತಂದ 440ಎಫ್‌ಎಕ್ಸ್ ಚಿಪ್‌ಸೆಟ್‌ನ ಅನುಕರಣೆ. ಅದರ ಐಡಿಇ ನಿಯಂತ್ರಕ ಅದೇ ಕಾಲದ ಪಿಐಐಎಕ್ಸ್3. ಎಷ್ಟೇ ಹೊಸ ಸರ್ವರ್ ಕೊಂಡರೂ ಒಳಗಿನ ವಿಂಡೋಸ್ 98 ಅಥವಾ ಎಕ್ಸ್‌ಪಿಗೆ ಕಾಣುವುದು ತನ್ನ ಕಾಲದ ಗಣಕವೇ. ಹೀಗಾಗಿ ಹಳೆಯ ಗೆಸ್ಟ್‌ಗೆ ಹೊಸ ಹೋಸ್ಟ್‌ನಲ್ಲಿ ತೊಂದರೆ ಕಡಿಮೆ. ಪರದಾಡುವುದು ಹಳೆಯ ಡ್ರೈವ್. ಏಕೆಂದರೆ ಅದು ಮಾತಾಡಬೇಕಾದದ್ದು ನಿಜವಾದ ಕೇಬಲ್, ನಿಜವಾದ ನಿಯಂತ್ರಕ, ಹೋಸ್ಟ್‌ನ ಇಂದಿನ ಕರ್ನಲ್ ಇವುಗಳೊಂದಿಗೆ. ವಿಎಂ ಡಿಸ್ಕನ್ನು ಕಾಣುತ್ತಿಲ್ಲ ಎಂಬ ದೂರು ಬಂದಾಗ ಹೆಚ್ಚಿನವರು ಮೊದಲು ವಿಎಂನ ಸೆಟ್ಟಿಂಗ್ ತಡಕಾಡುತ್ತಾರೆ. ಅದು ತಲೆಕೆಳಗಾದ ಕ್ರಮ. ಹುಡುಕಾಟ ಹೊರಗಿನಿಂದ ಒಳಕ್ಕೆ ಸಾಗಬೇಕು: ವಿದ್ಯುತ್ತು, ಕೇಬಲ್, ನಿಯಂತ್ರಕ, ಹೋಸ್ಟ್‌ನ ಡ್ರೈವರ್, ಆಮೇಲೆ ವಿಎಂ, ಕಟ್ಟಕಡೆಗೆ ಗೆಸ್ಟ್‌ನ ಒಳಗಿನ ವಿಂಡೋಸ್.

ಉಪ್ಪುಗಾಳಿ, ಆರ್ದ್ರತೆ, ಸಿಡಿಲು

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಹಲವು ದಿನ ಶೇಕಡ 90ರ ಮೇಲೆಯೇ ಇರುತ್ತದೆ. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಆರ್ದ್ರತೆ ಸುಮಾರು ಶೇಕಡ 75 ದಾಟಿದೊಡನೆ ಗಾಳಿಯ ನೀರನ್ನು ತಾನೇ ಹೀರಿ ಕರಗುತ್ತದೆ. ಕಾಪು ಕಡಲತೀರದ ಗಾಳಿಯಲ್ಲಿ ತೇಲಿ ಬಂದ ಉಪ್ಪಿನ ಸೂಕ್ಷ್ಮ ಕಣ ಬೇಸಗೆಯಲ್ಲಿ ಸರ್ಕ್ಯೂಟ್ ಬೋರ್ಡಿನ ಮೇಲೆ ಸುಮ್ಮನೆ ಧೂಳಾಗಿ ಕುಳಿತಿರುತ್ತದೆ. ಮಳೆಗಾಲದಲ್ಲಿ ಅದೇ ಧೂಳು ವಿದ್ಯುತ್ ಹರಿಸಬಲ್ಲ ಉಪ್ಪುನೀರಿನ ಪೊರೆ. ತಾಮ್ರದ ಗೆರೆಗಳಿಗೆ ಕಿಲುಬು ಹಿಡಿಯುವುದು, ಕನೆಕ್ಟರ್ ಪಿನ್ನುಗಳು ಮಂಕಾಗುವುದು ಆ ನಾಲ್ಕು ತಿಂಗಳಲ್ಲಿ.

ಇದರ ಗುರುತು ಡ್ರೈವ್‌ನ ಆರೋಗ್ಯ ವರದಿಯಲ್ಲೇ ಸಿಗುತ್ತದೆ. ಹಾರ್ಡ್‌ಡಿಸ್ಕ್‌ಗಳು ತಮ್ಮ ಬಗ್ಗೆ ತಾವೇ ಇಟ್ಟುಕೊಳ್ಳುವ ಸ್ಮಾರ್ಟ್ ಲೆಕ್ಕದಲ್ಲಿ 5ನೆಯ ಸಾಲು ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರ್‌ಗಳದ್ದು, 197ನೆಯದು ಓದಲು ಆಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳದ್ದು. ಇವು ಏರುತ್ತಿದ್ದರೆ ಒಳಗಿನ ತಟ್ಟೆಯೇ ಕೆಡುತ್ತಿದೆ ಎಂದರ್ಥ. 199ನೆಯ ಸಾಲಿನ ಕಥೆ ಬೇರೆ. ಡ್ರೈವ್ ಮತ್ತು ನಿಯಂತ್ರಕದ ನಡುವೆ ದಾರಿಯಲ್ಲಿ ಕೆಟ್ಟ ದತ್ತಾಂಶದ ಎಣಿಕೆ ಅದು. 5 ಮತ್ತು 197 ಸೊನ್ನೆಯಿದ್ದು 199 ಮಾತ್ರ ಏರುತ್ತಿದ್ದರೆ ತಟ್ಟೆ ಚೆನ್ನಾಗಿದೆ, ತೊಂದರೆ ಕೇಬಲ್ ಅಥವಾ ಪಿನ್ನುಗಳಲ್ಲಿದೆ. ಕರಾವಳಿಯಲ್ಲಿ ಮೊದಲು ನೋಡಬೇಕಾದ ಸಾಲು ಇದು. ಒಳ್ಳೆಯ ಡಿಸ್ಕನ್ನು ಸತ್ತಿತೆಂದು ಬಿಸಾಡುವ ಅನಾಹುತವನ್ನು ಈ ಒಂದು ಸಂಖ್ಯೆ ತಪ್ಪಿಸುತ್ತದೆ.

ಪರಿಹಾರ ಸರಳ. ಹೊಸ ರಿಬ್ಬನ್ ಕೇಬಲ್ ಹಾಕಬೇಕು. ಅದು 40 ತಂತಿಯದ್ದಲ್ಲ, 80 ತಂತಿಯದ್ದಾಗಿರಲಿ. ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಮೆದು ಬ್ರಶ್ಶಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಚಿನ್ನದ ಲೇಪದ ಅಂಚುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ರಿಪೇರಿ ಅಂಗಡಿಗಳಲ್ಲಿ ಇದೆ. ಒಮ್ಮೆಗೆ ಕೆಲಸ ಆಗುತ್ತದೆ ನಿಜ, ಆದರೆ ತೆಳುವಾದ ಲೇಪ ಸವೆದು ಮುಂದಿನ ಮಳೆಗಾಲಕ್ಕೆ ಅದೇ ಜಾಗ ಇನ್ನೂ ಬೇಗ ಕೆಡುತ್ತದೆ. ಕೆಲವು ಡ್ರೈವ್‌ಗಳಲ್ಲಿ ಹಸಿರು ಬೋರ್ಡಿನ ಒಳಮಗ್ಗುಲಿಗೆ, ಓದುವ ತಲೆಗಳ ಸಂಪರ್ಕ ಕೂಡುವ ಚಿಕ್ಕ ಬಿಲ್ಲೆಗಳಿರುತ್ತವೆ. ಟಾರ್ಕ್ಸ್ ತಿರುಪುಗಳನ್ನು ಬಿಚ್ಚಿ ಬೋರ್ಡನ್ನು ಮಗುಚಿದರೆ, ಬೆಳ್ಳಗೆ ಹೊಳೆಯಬೇಕಾದ ಬಿಲ್ಲೆಗಳು ಕಪ್ಪಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಡ್ರೈವ್ ತಿರುಗುತ್ತದೆ, ಆದರೆ ತನ್ನ ಗಾತ್ರವನ್ನೇ ಹೇಳಲಾರದು ಎಂಬ ಲಕ್ಷಣಕ್ಕೆ ಇದು ಒಂದು ಕಾರಣ. ಮೇಲಿನ ಲೋಹದ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು.

ಮಳೆಗಾಲದಲ್ಲಿ ಕರಾವಳಿಯ ಇಬ್ಬನಿ ಬಿಂದು 24ರಿಂದ 25 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಸರ್ವರ್ ಕೋಣೆಯ ಎಸಿ 20 ಅಥವಾ 22 ಡಿಗ್ರಿಯಲ್ಲಿದ್ದರೆ ಅಲ್ಲಿಂದ ಹೊರತಂದ ಡ್ರೈವ್ ಮೇಲೆ ಕೂಡಲೇ ನೀರು ಕಟ್ಟುತ್ತದೆ. ಆ ತೇವದಲ್ಲೇ ಅದಕ್ಕೆ ಕರೆಂಟು ಕೊಟ್ಟರೆ ಆಪತ್ತು. ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಹೊರತಂದು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲಷ್ಟೇ ಚೀಲ ತೆರೆಯಬೇಕು.

ಒಳನಾಡಿನ ಕಾರ್ಕಳದ ಕಡೆ ಉಪ್ಪಿನ ಕಾಟ ಕಡಿಮೆ, ಸಿಡಿಲಿನ ಕಾಟ ಹೆಚ್ಚು. ಏಪ್ರಿಲ್, ಮೇ ಮತ್ತೆ ಅಕ್ಟೋಬರ್‌ನಲ್ಲಿ ಘಟ್ಟದ ತಪ್ಪಲಲ್ಲಿ ಗುಡುಗು ಕೂಡಿದ ಮಳೆ. ಬೇಸಗೆಯಲ್ಲಿ ಒಣಗಿದ ಮುರಕಲ್ಲಿನ ನೆಲಕ್ಕೆ ವಿದ್ಯುತ್ತನ್ನು ಇಳಿಸಿಕೊಳ್ಳುವ ಶಕ್ತಿ ಕಡಿಮೆ, ಹಾಗಾಗಿ ಅರ್ತಿಂಗ್ ಅತ್ಯಂತ ದುರ್ಬಲವಾಗಿರುವ ಹೊತ್ತಿಗೇ ಸಿಡಿಲು ಬರುತ್ತದೆ. ಹಳೆಯ ಡ್ರೈವ್ ಓದಿಸುವ ಹೋಸ್ಟ್‌ಗೆ ಯುಪಿಎಸ್ ಬೇಕೇ ಬೇಕು. ಗುಡುಗು ಕೇಳಿಸುವಾಗ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಬೇಕು. ಕರೆಂಟಿನ ತಂತಿಯಷ್ಟೇ ಅದೂ ಅಪಾಯದ ದಾರಿ.

ಹೋಸ್ಟ್‌ಗೇ ಡ್ರೈವ್ ಕಾಣದಿದ್ದರೆ

ಮೊದಲ ಅನುಮಾನ ವಿದ್ಯುತ್ತಿನ ಮೇಲೆ. ಮೂರೂವರೆ ಇಂಚಿನ ಐಡಿಇ ಡ್ರೈವ್‌ಗೆ 5 ವೋಲ್ಟ್ ಜೊತೆ 12 ವೋಲ್ಟ್ ಕೂಡ ಬೇಕು. ಮೋಟರು ತಿರುಗಲು ಶುರುಮಾಡುವ ಕ್ಷಣದಲ್ಲಿ 12 ವೋಲ್ಟಿನ ತಂತಿಯಲ್ಲಿ 2 ಆಂಪಿಯರ್ ಸನಿಹದ ಎಳೆತ ಇರಬಹುದು. ಯುಎಸ್‌ಬಿ ಅಡಾಪ್ಟರ್ ಜೊತೆ ಬರುವ ಅಗ್ಗದ ಪವರ್ ಪೊಟ್ಟಣ ಆ ಕ್ಷಣಕ್ಕೆ ಸೋಲುತ್ತದೆ. ಡ್ರೈವ್ ತಿರುಗಿ, ನಿಂತು, ಮತ್ತೆ ತಿರುಗುವ ಸದ್ದು ಕೇಳಿದರೆ ತಟ್ಟೆ ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ ಒಳ್ಳೆಯ ಎಸ್‌ಎಂಪಿಎಸ್‌ಗೆ ಜೋಡಿಸಿ ನೋಡಬೇಕು. ಎರಡನೆಯದು ಹಿಂಬದಿಯ ಜಂಪರ್. ಎರಡು ಡ್ರೈವ್ ಇದ್ದ ಗಣಕದಿಂದ ಬಿಚ್ಚಿದ ಡಿಸ್ಕ್ ಸ್ಲೇವ್ ಜಾಗದಲ್ಲೇ ಉಳಿದಿರುತ್ತದೆ. ಅಡಾಪ್ಟರ್‌ಗಳು ಸಾಮಾನ್ಯವಾಗಿ ಮಾಸ್ಟರನ್ನೇ ಹುಡುಕುತ್ತವೆ.

ಇವೆರಡೂ ಸರಿಯಿದ್ದರೆ ಹೋಸ್ಟ್‌ನ ಡ್ರೈವರ್ ಕಡೆ ತಿರುಗಬೇಕು. ಸರ್ವರ್ ತಂತ್ರಾಂಶಗಳು ಹೊಸ ಆವೃತ್ತಿಗೆ ಹೋದಂತೆ ಹಳೆಯ ನಿಯಂತ್ರಕಗಳನ್ನು ಸದ್ದಿಲ್ಲದೆ ಕೈಬಿಡುತ್ತವೆ. ವಿಎಂವೇರ್ 2020ರ ಇಎಸ್‌ಎಕ್ಸ್‌ಐ 7.0ರಲ್ಲಿ ಲಿನಕ್ಸ್‌ನಿಂದ ಎರವಲು ತಂದಿದ್ದ ಹಳೆಯ ಡ್ರೈವರ್ ಪದರವನ್ನೇ ತೆಗೆದುಹಾಕಿತು. ಅದನ್ನು ನಂಬಿದ್ದ ಹಲವು ಸ್ಕಸಿ, ರೇಯ್ಡ್ ಕಾರ್ಡುಗಳು ಅಪ್‌ಗ್ರೇಡ್ ಆದ ದಿನವೇ ಕಾಣದಾದವು. ರೆಡ್ ಹ್ಯಾಟ್ ಕೂಡ 2019ರ ತನ್ನ 8ನೆಯ ಆವೃತ್ತಿಯಲ್ಲಿ ಹಲವು ಹಳೆಯ ಕಾರ್ಡುಗಳ ಡ್ರೈವರ್ ಬಿಟ್ಟಿತು. ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ಕಾರ್ಡ್ ಇಂದು ಕಾಣದಿದ್ದರೆ ಕಾರ್ಡನ್ನು ದೂರುವ ಮೊದಲು ಆವೃತ್ತಿಯ ಬೆಂಬಲ ಪಟ್ಟಿ ನೋಡಬೇಕು. ಹಳೆಯ ಡ್ರೈವ್ ಓದುವ ಕೆಲಸಕ್ಕೆ ಡೆಬಿಯನ್‌ನಂಥ ಸಾಮಾನ್ಯ ಲಿನಕ್ಸ್ ಇರುವ ಪ್ರತ್ಯೇಕ ಹಳೆಯ ಗಣಕವೊಂದನ್ನು ಮೀಸಲಿಡುವುದು ದೊಡ್ಡ ಸರ್ವರ್‌ನೊಂದಿಗೆ ಗುದ್ದಾಡುವುದಕ್ಕಿಂತ ಮೇಲು.

ಡ್ರೈವ್ ಕಂಡು ಗಾತ್ರ ತಪ್ಪು ತೋರಿಸಿದರೆ ಅದಕ್ಕೂ ನಿಶ್ಚಿತ ಕಾರಣಗಳಿವೆ. 528 ಎಂಬಿ, 8.4 ಜಿಬಿ, 137 ಜಿಬಿ ಇವು ಬೇರೆ ಬೇರೆ ಕಾಲದ ವಿಳಾಸ ಪದ್ಧತಿಗಳ ಗಡಿಗಳು. 137 ಜಿಬಿ ಬಂದದ್ದು 28 ಬಿಟ್ ವಿಳಾಸದಿಂದ. ವಿಂಡೋಸ್ ಎಕ್ಸ್‌ಪಿ ಅದನ್ನು ದಾಟಿದ್ದು ಮೊದಲ ಸರ್ವೀಸ್ ಪ್ಯಾಕ್ ಬಂದ ಮೇಲೆ. ಗಾತ್ರ ಸರಿಯಿದ್ದೂ ಪಾರ್ಟಿಷನ್ ಇಲ್ಲವೆಂದರೆ ನಡುವಿನ ಯುಎಸ್‌ಬಿ ಪೆಟ್ಟಿಗೆಯನ್ನು ಶಂಕಿಸಬೇಕು. ಕೆಲವು ಪೆಟ್ಟಿಗೆಗಳು 512 ಬೈಟಿನ ಸೆಕ್ಟರ್‌ಗಳನ್ನು 4096 ಬೈಟಿನವು ಎಂದು ತೋರಿಸುತ್ತವೆ. ಆಗ ಪಾರ್ಟಿಷನ್ ಪಟ್ಟಿಯ ಪ್ರತಿಯೊಂದು ವಿಳಾಸವೂ ಎಂಟು ಪಟ್ಟು ದೂರ ಬಿದ್ದು ಡಿಸ್ಕ್ ಖಾಲಿಯಂತೆ ಕಾಣುತ್ತದೆ. ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳುವುದು ಈ ಘಳಿಗೆಯಲ್ಲಿ. ಬೇಡ ಎನ್ನಬೇಕು, ಬೇರೆ ಅಡಾಪ್ಟರ್ ಹಾಕಬೇಕು.

ಹೋಸ್ಟ್ ಕಂಡರೂ ವಿಎಂ ಕಾಣದಿದ್ದರೆ

ಇಲ್ಲಿನ ಮುಖ್ಯ ಪ್ರಶ್ನೆ ಡಿಸ್ಕಿನ ಒಡೆತನ. ಹೊಸ ಡಿಸ್ಕ್ ಸಿಕ್ಕಿದೊಡನೆ ಹೋಸ್ಟ್ ತಾನೇ ಅದನ್ನು ತೆರೆಯಲು ಹೊರಡುತ್ತದೆ. ಲಿನಕ್ಸ್ ಹೋಸ್ಟ್ ಅದರ ಮೇಲಿನ ಎಲ್‌ವಿಎಂ ಗುಂಪನ್ನು ಎಬ್ಬಿಸುತ್ತದೆ. ಗ್ರಬ್ ನವೀಕರಣದ ವೇಳೆ ಬೇರೆ ಕಾರ್ಯಾಚರಣ ವ್ಯವಸ್ಥೆಗಳನ್ನು ಹುಡುಕುವ ಪ್ರೋಗ್ರಾಮು ಪಾರ್ಟಿಷನ್‌ಗಳ ಒಳಹೊಕ್ಕು ನೋಡುತ್ತದೆ. ಹೋಸ್ಟ್ ಮತ್ತು ಗೆಸ್ಟ್ ಒಂದೇ ಕಡತ ವ್ಯವಸ್ಥೆಯನ್ನು ಒಟ್ಟಿಗೆ ತೆರೆದು ಬರೆದರೆ ಅದು ನಾಶವಾಗುವುದು ಖಚಿತ. ಹೈಪರ್-ವಿ ಈ ವಿಚಾರದಲ್ಲಿ ಕಟ್ಟುನಿಟ್ಟು: ಹೋಸ್ಟ್‌ನಲ್ಲಿ ಆಫ್‌ಲೈನ್ ಮಾಡದ ಡಿಸ್ಕನ್ನು ವಿಎಂಗೆ ಕೊಡುವುದೇ ಇಲ್ಲ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಈ ಎಚ್ಚರವನ್ನು ನಿರ್ವಾಹಕರೇ ವಹಿಸಬೇಕು, ಎಲ್‌ವಿಎಂ ಸೋಸುಪಟ್ಟಿಯಲ್ಲಿ ಆ ಡಿಸ್ಕನ್ನು ಹೊರಗಿಡಬೇಕು.

ಹೆಸರಿನ ಗೊಂದಲವೂ ಅಪಾಯಕಾರಿ. ಲಿನಕ್ಸ್ ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂದು ಸಿಕ್ಕ ಕ್ರಮದಲ್ಲಿ ಹೆಸರಿಡುತ್ತದೆ. ಯುಎಸ್‌ಬಿ ಅಡಾಪ್ಟರ್ ಒಮ್ಮೆ ಸಡಿಲವಾಗಿ ಮತ್ತೆ ಕೂತರೆ ಎಸ್‌ಡಿಸಿ ಆಗಿದ್ದದ್ದು ಎಸ್‌ಡಿಡಿ ಆಗಬಹುದು. ವಿಎಂನ ಸಂರಚನೆಯಲ್ಲಿ ಯಾವಾಗಲೂ ಡ್ರೈವ್‌ನ ಮಾದರಿ ಮತ್ತು ಸರಣಿ ಸಂಖ್ಯೆ ಕೂಡಿದ ಬೈ-ಐಡಿ ವಿಳಾಸವನ್ನೇ ಬರೆಯಬೇಕು.

ಎಕ್ಸ್‌ಪಿ ಡಿಸ್ಕನ್ನು ವಿಎಂಗೆ ಕೊಟ್ಟು ಚಾಲೂ ಮಾಡಿದಾಗ ನೀಲಿ ತೆರೆ, ಅದರಲ್ಲಿ 7ಬಿ ಎಂಬ ಸಂಕೇತ: ಈ ದೋಷದಷ್ಟು ಪರಿಚಿತವಾದದ್ದು ಇನ್ನೊಂದಿಲ್ಲ. ಎಕ್ಸ್‌ಪಿ ತಾನು ಹುಟ್ಟಿದ ಗಣಕದ ಡಿಸ್ಕ್ ನಿಯಂತ್ರಕದ ಡ್ರೈವರನ್ನಷ್ಟೇ ಬೂಟ್ ಹೊತ್ತಿಗೆ ಎಬ್ಬಿಸುತ್ತದೆ. ನಿಯಂತ್ರಕ ಬದಲಾದರೆ ತನ್ನ ಡಿಸ್ಕನ್ನೇ ಕಾಣದು. ವಿಎಂಗೆ ವರ್ಟ್‌ಐಒ ಅಥವಾ ಎಎಚ್‌ಸಿಐ ಬಸ್ ಕೊಟ್ಟಿದ್ದರೆ ಅದನ್ನು ಐಡಿಇಗೆ ಬದಲಿಸಬೇಕು, ಮದರ್‌ಬೋರ್ಡ್ ಮಾದರಿ ಕ್ಯೂ35 ಇದ್ದರೆ 440ಎಫ್‌ಎಕ್ಸ್‌ಗೆ ಇಳಿಸಬೇಕು. ಆಗಲೂ ನೀಲಿ ತೆರೆ ಬಂದರೆ ಸಾಮಾನ್ಯ ಐಡಿಇ ಡ್ರೈವರನ್ನು ರಿಜಿಸ್ಟ್ರಿಯಲ್ಲಿ ಎಚ್ಚರಿಸುವ ಸಣ್ಣ ತಿದ್ದುಪಡಿ ಬೇಕು. ಹೈಪರ್-ವಿಯಲ್ಲಿ ಮೊದಲ ಪೀಳಿಗೆಯ ವಿಎಂ ಆರಿಸಬೇಕು. ಎರಡನೆಯ ಪೀಳಿಗೆಗೆ ಐಡಿಇಯೂ ಇಲ್ಲ, ಫ್ಲಾಪಿಯೂ ಇಲ್ಲ.

ಡಿಸ್ಕಿನ ಬದಲು ಇಡೀ ಸ್ಕಸಿ ಕಾರ್ಡನ್ನೇ ವಿಎಂಗೆ ಒಪ್ಪಿಸುವ ವಿಧಾನವೂ ಇದೆ, ಪಾಸ್‌ತ್ರೂ ಎನ್ನುತ್ತಾರೆ. ಹೊಸ ಕಾರ್ಡುಗಳಿಗೆ ಇದು ಒಳ್ಳೆಯ ದಾರಿ. ಹಳೆಯ ಪಿಸಿಐ ಕಾರ್ಡುಗಳಿಗೆ ಬಹಳ ಸಲ ಆಗಿಬರುವುದಿಲ್ಲ. ಅವು ಮದರ್‌ಬೋರ್ಡಿನ ಒಂದು ಸೇತುವೆಯ ಹಿಂದೆ ಕುಳಿತಿರುವುದರಿಂದ ಅದೇ ಸೇತುವೆಯ ಎಲ್ಲ ಸಾಧನಗಳೂ ಒಂದೇ ಐಒಎಂಎಂಯು ಗುಂಪಿಗೆ ಸೇರುತ್ತವೆ. ಒಂದನ್ನು ಮಾತ್ರ ಬೇರ್ಪಡಿಸಿ ಕೊಡಲಾಗದು. ಇನ್ನು ಅವುಗಳ ಅಡ್ಡಕರೆಯ ತಂತಿ, ಅಂದರೆ ಇಂಟರಪ್ಟ್, ಬೇರೆ ಸಾಧನದೊಂದಿಗೆ ಹಂಚಿಕೆಯಾಗಿದ್ದು ಅದನ್ನು ಮುಚ್ಚುವ ಸೌಲಭ್ಯ ಕಾರ್ಡಿನಲ್ಲಿ ಇಲ್ಲದಿದ್ದರೆ ವಿಎಂ ಶುರುವಾಗುವುದೇ ಇಲ್ಲ. ಕಾರ್ಡನ್ನು ಬೇರೆ ಸ್ಲಾಟಿಗೆ ಬದಲಿಸಿ ನೋಡುವುದೊಂದೇ ಸುಲಭ ಪ್ರಯತ್ನ.

ಸಾಯುತ್ತಿರುವ ಡಿಸ್ಕನ್ನು ನೇರವಾಗಿ ವಿಎಂಗೆ ಕೊಟ್ಟರೆ ಪೆಟ್ಟು ಆ ವಿಎಂ ಒಂದಕ್ಕೇ ಬೀಳುವುದಿಲ್ಲ. ಕೆಟ್ಟ ಸೆಕ್ಟರನ್ನು ಮತ್ತೆ ಮತ್ತೆ ಓದಲು ಡ್ರೈವ್ ನಿಮಿಷಗಟ್ಟಲೆ ಹೆಣಗಬಹುದು. ಲಿನಕ್ಸ್ ರೂಢಿಯಂತೆ ಕಾಯುವುದು 30 ಸೆಕೆಂಡು. ಆಮೇಲೆ ಸಂಪರ್ಕವನ್ನು ಕತ್ತರಿಸಿ ಮತ್ತೆ ಜೋಡಿಸುತ್ತದೆ. ಅದೇ ನಿಯಂತ್ರಕದ ಮೇಲಿರುವ ಬೇರೆ ಡಿಸ್ಕ್‌ಗಳೂ, ಅವನ್ನು ನೆಚ್ಚಿಕೊಂಡ ಬಿಲ್ಲಿಂಗ್ ಅಥವಾ ಹಾಜರಾತಿ ವಿಎಂಗಳೂ ಆಗ ಮುಗ್ಗರಿಸುತ್ತವೆ. ಕೆಲಸದ ಹೋಸ್ಟ್‌ಗೆ ಅನುಮಾನದ ಡಿಸ್ಕ್ ಜೋಡಿಸಬಾರದು ಎನ್ನುವುದಕ್ಕೆ ಈ ಒಂದು ಕಾರಣ ಸಾಕು.

ಫ್ಲಾಪಿ

ಸೋನಿ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಹೊಸ ಮದರ್‌ಬೋರ್ಡುಗಳಲ್ಲಿ ಅದರ ಕನೆಕ್ಟರೇ ಇಲ್ಲ. ಆದರೆ ವಿಎಂ ಒಳಗೆ ಫ್ಲಾಪಿ ನಿಯಂತ್ರಕ ಇನ್ನೂ ಜೀವಂತ. 2015ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ವೆನಮ್ ಎಂಬ ಭದ್ರತಾ ದೋಷ ಇದ್ದದ್ದು ಕ್ಯೂಎಮುವಿನ ಈ ಅನುಕರಣೆಯಲ್ಲೇ. 2004ರಿಂದ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಆ ದೋಷ ಕೆವಿಎಂ, ಜೆನ್, ವರ್ಚುವಲ್‌ಬಾಕ್ಸ್ ಮೂರನ್ನೂ ತಟ್ಟಿತು. ವಿಎಂನಲ್ಲಿ ಫ್ಲಾಪಿ ಬೇಡವೆಂದು ತೆಗೆದಿಟ್ಟಿದ್ದವರೂ ಪಾರಾಗಲಿಲ್ಲ, ಏಕೆಂದರೆ ನಿಯಂತ್ರಕದ ಕೋಡು ಆಗಲೂ ಒಳಗೇ ಇರುತ್ತಿತ್ತು. ಹಳೆಯ ಸಾಧನಗಳ ಅನುಕರಣೆಯನ್ನು ಇಟ್ಟುಕೊಂಡವರು ಹೋಸ್ಟ್ ತಂತ್ರಾಂಶವನ್ನು ನವೀಕರಿಸುತ್ತಲೇ ಇರಬೇಕೆನ್ನುವುದು ಅದಕ್ಕಾಗಿ.

ಮೂರೂವರೆ ಇಂಚಿನ 1.44 ಎಂಬಿ ಫ್ಲಾಪಿಯಲ್ಲಿ 80 ಟ್ರ್ಯಾಕ್, 2 ಮಗ್ಗುಲು, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಒಟ್ಟು 14,74,560 ಬೈಟ್. ಓದಿ ತೆಗೆದ ಇಮೇಜ್ ಕಡತ ಸರಿಯಾಗಿ ಅಷ್ಟೇ ಇರಬೇಕು; ಕಡಿಮೆಯಿದ್ದರೆ ವಿಎಂ ಅದನ್ನು ಬೇರೆ ಬಗೆಯ ಫ್ಲಾಪಿ ಎಂದು ತಿಳಿದು ಎಡವಟ್ಟು ಮಾಡುತ್ತದೆ. ಯುಎಸ್‌ಬಿ ಫ್ಲಾಪಿ ಡ್ರೈವ್‌ಗಳು 1.44 ಎಂಬಿ ಮತ್ತು 720 ಕೆಬಿಯವನ್ನು ಓದುತ್ತವೆ. ಐದೂಕಾಲು ಇಂಚಿನದ್ದಕ್ಕೆ, ಹಳೆಯ ಮ್ಯಾಕ್‌ಗಳ 400 ಮತ್ತು 800 ಕೆಬಿ ಡಿಸ್ಕ್‌ಗಳಿಗೆ ಅವು ಬರುವುದಿಲ್ಲ. ಮ್ಯಾಕ್ ಡ್ರೈವ್ ಒಳ ಟ್ರ್ಯಾಕ್‌ಗೂ ಹೊರ ಟ್ರ್ಯಾಕ್‌ಗೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿತ್ತು. ಇವಕ್ಕೆ ಕಾಂತೀಯ ಏರಿಳಿತವನ್ನೇ ಹಸಿಯಾಗಿ ದಾಖಲಿಸುವ ಗ್ರೀಸ್‌ವೀಸಲ್ ಎಂಬ ಸಣ್ಣ ಬೋರ್ಡ್ ಬೇಕು. ಅದರ ಕರ್ತೃ ಕೀರ್ ಫ್ರೇಸರ್ ಜೆನ್ ಹೈಪರ್‌ವೈಸರ್ ಕಟ್ಟಿದ ಮೂಲ ತಂಡದವರಲ್ಲಿ ಒಬ್ಬರು. ವರ್ಚುವಲೈಸೇಷನ್ ಮತ್ತು ಹಳೆಯ ಡಿಸ್ಕ್ ಉಳಿಸುವ ಕೆಲಸ ಒಬ್ಬರ ಕೈಯಲ್ಲೇ ಕೂಡಿಬಂದಿರುವುದು ಸಂತೋಷದ ಮಾತು.

ಕರಾವಳಿಯ ಫ್ಲಾಪಿಗಳ ದೊಡ್ಡ ಶತ್ರು ಬೂಷ್ಟು. ಲೋಹದ ಬಾಗಿಲನ್ನು ಸರಿಸಿ ಬೆಳಕಿಗೆ ಹಿಡಿದಾಗ ಕಂದು ಹಾಳೆಯ ಮೇಲೆ ಮಂಜಿನಂಥ ಚುಕ್ಕೆ ಕಂಡರೆ ಡ್ರೈವ್‌ಗೆ ಹಾಕಲೇಬಾರದು. ಆ ಬೂಷ್ಟು ಓದುವ ತಲೆಗೆ ಮೆತ್ತಿ, ಮುಂದೆ ಹಾಕುವ ಒಳ್ಳೆಯ ಫ್ಲಾಪಿಗಳನ್ನೂ ಗೀಚುತ್ತದೆ.

ಟೇಪ್ ಮತ್ತು ಸಿಡಿ

ಟೇಪ್‌ಗಳಲ್ಲಿ ಹೊಂದಾಣಿಕೆಯೇ ಮೊದಲ ತೊಡಕು. ಎಲ್‌ಟಿಒ ಡ್ರೈವ್‌ಗಳು 7ನೆಯ ಪೀಳಿಗೆಯವರೆಗೆ ತಮಗಿಂತ ಎರಡು ಪೀಳಿಗೆ ಹಿಂದಿನದನ್ನು ಓದುತ್ತಿದ್ದವು. 8ನೆಯದು ಒಂದೇ ಪೀಳಿಗೆ ಹಿಂದಕ್ಕೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಟೇಪ್ ಓದುವಾಗ ಮೆಮೊರಿ ಸಾಲದು ಎಂಬ ದೂರು ಬಂದರೆ ರ‍್ಯಾಮ್ ಹೆಚ್ಚಿಸುವ ಅಗತ್ಯವಿಲ್ಲ. ಟೇಪಿನ ಬ್ಲಾಕ್ ಗಾತ್ರ ಕೇಳಿದ್ದಕ್ಕಿಂತ ದೊಡ್ಡದಿದೆ ಎಂದಷ್ಟೇ ಅದರ ಅರ್ಥ. ವಿಂಡೋಸ್‌ನ ಎನ್‌ಟಿಬ್ಯಾಕಪ್ ಬರೆದ ಟೇಪ್‌ಗಳಿಗೆ ಎಕ್ಸ್‌ಪಿ ಅಥವಾ 2003ರ ಸರ್ವರ್ ವಿಎಂ ಇಟ್ಟುಕೊಳ್ಳುವುದು ಅನುಕೂಲ. ಸಿಡಿಗಳ ವಿಷಯದಲ್ಲಿ, ಹಾಡಿನ ಟ್ರ್ಯಾಕ್ ಮತ್ತು ದತ್ತಾಂಶ ಎರಡೂ ಇರುವ ತಟ್ಟೆಯನ್ನು ಅನುಕರಿಸಿದ ಡ್ರೈವ್ ಪೂರ್ತಿ ತೋರಿಸುವುದಿಲ್ಲ, ಹೋಸ್ಟ್‌ನಲ್ಲೇ ಓದಬೇಕು.

ಒಮ್ಮೆ ಓದು, ಇಮೇಜ್ ಮಾಡು

ಮೇಲಿನ ದೋಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟುವುದು ಹಳೆಯ ಡ್ರೈವನ್ನು ವಿಎಂನ ಕಾಯಂ ಡಿಸ್ಕಾಗಿ ದುಡಿಸುವ ಆಸೆಯಿಂದ. ಆ ಆಸೆ ಬಿಡಬೇಕು. ಡ್ರೈವನ್ನು ಒಂದೇ ಸಲ, ಬರೆಯಲಾಗದಂತೆ ತಡೆದು, ಆದಿಯಿಂದ ಅಂತ್ಯದವರೆಗೆ ಓದಿ ಇಮೇಜ್ ಕಡತವಾಗಿಸಿ, ವಿಎಂಗೆ ಆ ಕಡತದ ನಕಲನ್ನು ಕೊಡಬೇಕು.

ಇದಕ್ಕೆ ಡಿಡಿ-ರೆಸ್ಕ್ಯೂ ಎಂಬ ಉಚಿತ ತಂತ್ರಾಂಶವನ್ನು ಮೀರಿದ್ದು ಸಿಕ್ಕುವುದು ಕಷ್ಟ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲಾಗುವುದನ್ನೆಲ್ಲ ಬಾಚಿಕೊಂಡು, ತಡೆ ಬಂದಲ್ಲಿ ನಿಲ್ಲದೆ ಮುಂದಕ್ಕೆ ಜಿಗಿಯುತ್ತದೆ. ಎಲ್ಲಿ ಓದಿತು, ಎಲ್ಲಿ ಬಿಟ್ಟಿತು ಎಂಬುದನ್ನು ಪಕ್ಕದ ನಕ್ಷೆ ಕಡತದಲ್ಲಿ ಬರೆದುಕೊಳ್ಳುತ್ತದೆ. ಕರೆಂಟು ಹೋದರೂ, ಡ್ರೈವ್ ಬಿಸಿಯಾಗಿ ನಿಲ್ಲಿಸಬೇಕಾಗಿ ಬಂದರೂ, ಮರುದಿನ ಅದೇ ಜಾಗದಿಂದ ಮುಂದುವರಿಸಬಹುದು. ಎರಡನೆಯ ಸುತ್ತಿನಲ್ಲಿ ಬಿಟ್ಟ ಜಾಗಗಳ ಅಂಚುಗಳನ್ನು ಕೆರೆಯುತ್ತದೆ, ಬೇಕೆಂದರೆ ಹಿಂದುಮುಂದಾಗಿ ಓದುತ್ತದೆ. 40 ಜಿಬಿಯ ಡಿಸ್ಕೊಂದರಲ್ಲಿ ನಾಲ್ಕೈದು ಎಂಬಿಯಷ್ಟು ಉಳಿದುಬಿಟ್ಟರೂ ಸಂಚಿಕೆಯ ಪುಟಗಳು ಅದರಲ್ಲಿ ಇಲ್ಲದಿರಬಹುದು. ಯಾವ ಕಡತಗಳಿಗೆ ಪೆಟ್ಟು ಬಿದ್ದಿದೆ ಎಂಬುದನ್ನು ನಕ್ಷೆಯ ನೆರವಿನಿಂದ ತಿಳಿಯಬಹುದು. ಇಷ್ಟು ಹೊತ್ತು ಡ್ರೈವ್ ಮೇಲೆ ಒಂದು ಸಣ್ಣ ಫ್ಯಾನಿನ ಗಾಳಿ ಇರಲಿ.

ಇಮೇಜ್ ಸಿಕ್ಕ ಮೇಲೆ ಅದರ ಹ್ಯಾಶ್ ಮೊತ್ತ ಬರೆದಿಟ್ಟು, ಮೂಲವನ್ನು ಓದಲು ಮಾತ್ರ ಎಂದು ಬೀಗ ಹಾಕಿ, ಕ್ಯೂಕೌ2 ರೂಪದ ಮೇಲ್ಪದರದ ಮೇಲೆ ವಿಎಂ ನಡೆಸಬೇಕು. ಗೆಸ್ಟ್ ಏನೇ ಬರೆದರೂ ಮೇಲ್ಪದರಕ್ಕೆ ಹೋಗುತ್ತದೆ, ಮೂಲ ಹಾಗೆಯೇ ಉಳಿಯುತ್ತದೆ. ವಿಎಂನ ನೆಟ್‌ವರ್ಕ್ ಕಾರ್ಡನ್ನು ತೆಗೆದಿರಬೇಕು. ಡಿಟಿಪಿ ಅಂಗಡಿಯ ಹಳೆಯ ಡಿಸ್ಕಿನಲ್ಲಿ ಪೆನ್‌ಡ್ರೈವ್‌ಗಳಿಂದ ಬಂದ ಆಟೊರನ್ ವೈರಸ್ ಇಲ್ಲದಿರುವುದು ಅಪರೂಪ.

ಕೊನೆಯ ಪದರ: ಕನ್ನಡ

ಎಲ್ಲ ಸರಿಯಾಗಿ ಕಡತ ತೆರೆದ ಮೇಲೂ ಪರದೆಯ ಮೇಲೆ ಯುರೋಪಿನ ಅಕ್ಷರಗಳ ಅಡ್ಡಾದಿಡ್ಡಿ ಸಾಲು ಬರಬಹುದು. ಇದು ಡಿಸ್ಕ್ ದೋಷ ಅಲ್ಲ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದ್ದರೂ, ವಿಂಡೋಸ್‌ಗೆ ತುಂಗಾ ಅಕ್ಷರದೊಂದಿಗೆ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಪೇಜ್‌ಮೇಕರ್ ಕಾಲದ ನುಡಿ, ಬರಹ, ಶ್ರೀಲಿಪಿ, ಪ್ರಕಾಶಕ್ ಮೊದಲಾದವು ಅಕ್ಷರದ ಆಕಾರದ ತುಂಡುಗಳನ್ನು ಇಂಗ್ಲಿಷ್ ಕೀಲಿಗಳ ಜಾಗದಲ್ಲಿ ಕೂರಿಸುತ್ತಿದ್ದವು, ಹಲವು ತಮ್ಮ ತಮ್ಮದೇ ಬಗೆಯಲ್ಲಿ. ಆದ್ದರಿಂದ ಡಿಸ್ಕಿನಿಂದ ಮೊದಲು ಎತ್ತಿಕೊಳ್ಳಬೇಕಾದ್ದು ವಿಂಡೋಸ್‌ನ ಫಾಂಟ್ಸ್ ಕಡತಕೋಶ. ಪೇಜ್‌ಮೇಕರ್ ತನ್ನ ಕಡತದೊಳಗೆ ಫಾಂಟ್ ಇಟ್ಟುಕೊಳ್ಳುವುದಿಲ್ಲ; ಫಾಂಟ್ ಕಳೆದರೆ ಪುಟವೂ ಕಳೆದಂತೆ. ಕೀಲಿಮಣೆಯ ಮಟ್ಟಿಗೆ ಈ ಗೊಂದಲ ಬಹಳ ಬೇಗ ಬಗೆಹರಿದದ್ದು ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರಿಂದ. ಅವರು ರೂಪಿಸಿದ ವಿನ್ಯಾಸವೇ ಮುಂದೆ ನುಡಿಗೂ ಸರ್ಕಾರದ ಕೀಲಿಮಣೆಗೂ ಆಧಾರವಾಯಿತು. ಫಾಂಟ್ ಸಂಕೇತಗಳ ಮಟ್ಟದಲ್ಲಿ ಅಂಥ ಒಮ್ಮತ ಬರಲು ಯೂನಿಕೋಡ್‌ವರೆಗೆ ಕಾಯಬೇಕಾಯಿತು.

ಹಲವು ಡಿಟಿಪಿ ತಂತ್ರಾಂಶಗಳು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಹಾರ್ಡ್‌ವೇರ್ ಲಾಕ್ ಕೇಳುತ್ತಿದ್ದವು. ಇಲ್ಲಿ ವಿಎಂ ಒಂದು ಉಪಕಾರ ಮಾಡುತ್ತದೆ. ಹೊಸ ಪ್ಯಾರಲಲ್ ಕಾರ್ಡುಗಳು ಹಳೆಯ 378 ಎಂಬ ವಿಳಾಸದಲ್ಲಿ ಕೂರಲಾರವು, ಲಾಕ್‌ನ ಡ್ರೈವರ್ ಮಾತ್ರ ಅಲ್ಲೇ ಹುಡುಕುತ್ತದೆ. ಹೋಸ್ಟ್‌ನ ಕಾರ್ಡ್ ಎಲ್ಲೇ ಇರಲಿ, ಕ್ಯೂಎಮು ಅದನ್ನು ಗೆಸ್ಟ್‌ಗೆ 378ರಲ್ಲೇ ತೋರಿಸಬಲ್ಲದು.

ವಿಎಂ ಕೈಚೆಲ್ಲುವ ಜಾಗ ಜಿಸ್ಟ್ ಕಾರ್ಡಿನದು. ಐಐಟಿ ಕಾನ್ಪುರದಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಈ ಕಾರ್ಡ್ ಡಾಸ್ ಗಣಕಗಳಲ್ಲಿ ಭಾರತೀಯ ಲಿಪಿಗಳನ್ನು ತೋರಿಸುತ್ತಿತ್ತು. ಐಎಸ್‌ಎ ಸ್ಲಾಟಿನ ಆ ಕಾರ್ಡಿಗೆ ಹೊಸ ಹೋಸ್ಟ್‌ನಲ್ಲಿ ಜಾಗವಿಲ್ಲ. ಆದರೂ ಆ ಕಾಲದ ಕಡತ ಸಿಕ್ಕಿದವರು ನಿರಾಶರಾಗಬೇಕಿಲ್ಲ. ಜಿಸ್ಟ್ ಬರೆದದ್ದು ಇಸ್ಕಿ ಸಂಕೇತದಲ್ಲಿ, 1991ರಲ್ಲಿ ಐಎಸ್ 13194 ಎಂಬ ಭಾರತೀಯ ಮಾನಕವಾದದ್ದು ಅದೇ. ಅದು ಅಕ್ಷರದ ಆಕಾರವನ್ನು ಬಿಟ್ಟು ಅಕ್ಷರವನ್ನೇ ದಾಖಲಿಸುತ್ತದೆ. ಯೂನಿಕೋಡ್‌ನ ಭಾರತೀಯ ಲಿಪಿಗಳ ಜೋಡಣೆ ನಿಂತಿರುವುದೂ ಅದರ 1988ರ ಆವೃತ್ತಿಯ ಮೇಲೆ. ಹಾಗಾಗಿ ಡಾಸ್ ಕಾಲದ ಇಸ್ಕಿ ಕಡತ 2000ದ ಆಸುಪಾಸಿನ ಫಾಂಟ್ ಕಡತಕ್ಕಿಂತ ಸುಲಭವಾಗಿ ಯೂನಿಕೋಡ್ ಆಗುತ್ತದೆ. ಐಸಿಯು ಎಂಬ ಮುಕ್ತ ತಂತ್ರಾಂಶ ಸಂಗ್ರಹದಲ್ಲಿ ಕನ್ನಡ ಇಸ್ಕಿಯ ಪರಿವರ್ತಕ ಸಿದ್ಧವಾಗಿಯೇ ಇದೆ. ಫ್ಲಾಪಿಯನ್ನು ಓದಿ ಇಮೇಜ್ ಮಾಡಿದ ಮೇಲೆ ಅಂಥ ಕಡತಕ್ಕೆ ಡಾಸ್ ಬೇಡ, ಕಾರ್ಡ್ ಬೇಡ, ವಿಎಂ ಕೂಡ ಬೇಡ.